ಎಡಗಣ್ಣು

ವರ್ಷಗಟ್ಟಲೆ ಯಾರಿಗೂ ಬಿಟ್ಟುಕೊಡದಿದ್ದ ಬಾಕ್ಸಿಂಗ್ ಪಟ್ಟವನ್ನು ಆ ಹಳೆಯ ಹುಲಿ ಕಳೆದ ಪಂದ್ಯದಲ್ಲಿ ಒಬ್ಬ ಪಡ್ಡೆ ಹುಡುಗನಿಗೆ ಒಪ್ಪಿಸಿ ಬಂದಿದ್ದ. ಪಟ್ಟದ ಜೊತೆಗೆ ಎಡಗಣ್ಣಿನ ಬೆಳಕೂ ಹೋಗಿತ್ತು. ಅದು ತನ್ನೊಬ್ಬನಿಗೇ ಗೊತ್ತೆಂದು ಅವನು ನಂಬಿದ್ದ. ಮರುಪಂದ್ಯಕ್ಕೆ ಇನ್ನು ಡಾಕ್ಟರ ಒಪ್ಪಿಗೆಯೊಂದೇ ಬಾಕಿ.

"ಮತ್ತೆ ಅವನ ಎದುರಿಗೆ ನಿಲ್ಲೋದು ಬೇಡ ಕಣ್ರೀ. ಮರ್ಯಾದೆಯಾಗಿ ನಿವೃತ್ತಿ ತಗೊಳ್ಳಿ," ಎಂದು ಹೆಂಡತಿ ಅಂಗಲಾಚಿದಳು.

"ಡಾಕ್ಟ್ರು ಬೇಡ ಅಂದ್ರೆ ಬಿಟ್ಟೆ. ಹೂಂ ಅಂದ್ರೆ ನೀನು ಬಾಯಿ ಮುಚ್ಕೊಂಡಿರ್ಬೇಕು. ಆಯ್ತಾ?"

"ಆಯ್ತು."

ಡಾಕ್ಟರ ಕೋಣೆಯ ಗೋಡೆಗೆ ತೂಗುಹಾಕಿದ್ದ ಅಕ್ಷರಗಳ ಹಲಗೆಯನ್ನು ಅವನು ಹಿಂದಿನ ಸಲ ಬಂದಾಗಲೇ ಬಲಗಣ್ಣಿನಿಂದ ನೋಡಿ ಬಾಯಿಪಾಠ ಮಾಡಿಕೊಂಡಿದ್ದ. ದಿನವೂ ಬಚ್ಚಲಲ್ಲಿ ನೀರು ಹುಯ್ದುಕೊಳ್ಳುತ್ತ ಮಂತ್ರದಂತೆ ಜಪಿಸಿದ್ದ.

"ಬಲಗಣ್ಣು ಮುಚ್ಕೊಂಡು ಓದಿ," ಎಂದರು ಡಾಕ್ಟರು.

ಅವನು ಅಂಗೈಯಿಂದ ಬಲಗಣ್ಣನ್ನು ಮುಚ್ಚಿದ. ಲೋಕವೆಲ್ಲ ಕಪ್ಪಾಯಿತು. ಪಕ್ಕದಲ್ಲಿ ಹೆಂಡತಿಯ ಕುರ್ಚಿ ಕಿರುಗುಟ್ಟಿತು. ಅವನು ಎದೆ ಸೆಟೆಸಿ, ಮೇಲಿನ ದೊಡ್ಡ ಅಕ್ಷರದಿಂದ ಶುರುಮಾಡಿದ.

"ಕೆಳಗಿನ ಸಾಲೂ ಕಾಣತ್ತಾ?" ಡಾಕ್ಟರ ದನಿ ಇಳಿದಿತ್ತು.

"ಅದರ ಮೇಲೆ ಸೊಳ್ಳೆ ಕೂತ್ರೂ ಕಾಣತ್ತೆ ಸಾರ್!" ಎಂದು ನಕ್ಕು, ಅವನು ಕೊನೆಯ ಸಾಲನ್ನೂ ಒಂದಕ್ಷರ ತಪ್ಪದೆ ಒಪ್ಪಿಸಿದ. ಹೆಂಡತಿ ಬಿಕ್ಕುವುದು ಕೇಳಿಸಿತು.

"ಅಳ್ಬೇಡ್ವೇ, ಮಾತು ಕೊಟ್ಟಿದ್ದೀಯ. ಈ ಸಲ ಗೆದ್ದೇ ಬರ್ತೀನಿ," ಎನ್ನುತ್ತ ಅವನು ಕಣ್ಣಿನ ಮೇಲಿನ ಕೈ ತೆಗೆದ.

ಗೋಡೆಯ ಮೇಲೆ ಮೊಳೆಯೊಂದೇ ಇತ್ತು. ಅಕ್ಷರಗಳ ಹಲಗೆ ಹೆಂಡತಿಯ ಮಡಿಲಲ್ಲಿತ್ತು.