ಅರ್ಧ ಕಥೆಗಳ ಅಮ್ಮ

ತುಮಕೂರಿನ ಪೇಟೆಯಲ್ಲಿ ಒಂದು ದೊಡ್ಡ ಸೀರೆ ಅಂಗಡಿ. ಅದರ ಎರಡನೇ ಮಹಡಿಯಲ್ಲಿ, ರೇಷ್ಮೆ ಸೀರೆಗಳ ಕೌಂಟರಿನ ಹಿಂದೆ ಸರ್ವಮಂಗಳ ಹತ್ತೊಂಬತ್ತು ವರ್ಷಗಳಿಂದ ನಿಂತಿದ್ದಳು...

ಹೌದು, ನಿಂತೇ ಇದ್ದಳು. ಗಿರಾಕಿಗಳಿಗೆ ಕುರ್ಚಿ, ಸೀರೆಗಳಿಗೆ ಮೆತ್ತನೆಯ ಹಾಸು. ಮಾರುವವರು ಮಾತ್ರ ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರವರೆಗೆ ಕೂರುವಂತಿಲ್ಲ.

ಐವತ್ತು ಸೀರೆ ಬಿಚ್ಚಿ ಹರವಿದರೆ ಒಂದು ಮಾರಾಟ. ಉಳಿದ ನಲವತ್ತೊಂಬತ್ತನ್ನು ನಗುನಗುತ್ತಲೇ ಮತ್ತೆ ಮಡಿಸಬೇಕು.

ಗಂಡ ಲಾರಿ ಡ್ರೈವರ್, ಹದಿನೈದು ದಿನಕ್ಕೊಮ್ಮೆ ಮುಖ ತೋರಿಸುತ್ತಿದ್ದ. ಮಗಳು ಇಂಚರ ಶಾಲೆಯಿಂದ ಬಂದು, ತಾನೇ ಬೀಗ ತೆಗೆದು, ಅಮ್ಮ ಬರುವವರೆಗೂ ಕಿಟಕಿಗೆ ಅಂಟಿಕೊಂಡಿರುತ್ತಿದ್ದಳು.

ಅಮ್ಮ ಬಂದು ಉಂಡು ಮಲಗಿದ ಮೇಲೆ ಒಂದೇ ಬೇಡಿಕೆ. "ಅಮ್ಮಾ, ಕಥೆ..."

ಸರ್ವಮಂಗಳಳಿಗೆ ಕಥೆಗಳಿಗೇನು ಬರ? ಅವಳನ್ನು ಬೆಳೆಸಿದ್ದೇ ಅಜ್ಜಿಯ ಕಥೆಗಳು. ಬೇಸಿಗೆಯ ಮಧ್ಯಾಹ್ನ ಅಜ್ಜಿ ಕಾಲು ಚಾಚಿ ಕೂತು, ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಶುರು ಮಾಡಿದರೆ ಹೊತ್ತು ಮುಳುಗಿದ್ದೂ ತಿಳಿಯುತ್ತಿರಲಿಲ್ಲ.

"ಹ್ಞೂಂ ಅನ್ನೇ ಮಗಾ... ಇಲ್ದಿದ್ರೆ ಕಥೆ ಮುನಿಸ್ಕೊಂಡು ಎದ್ದೋಗುತ್ತೆ!" ಎನ್ನುತ್ತಿದ್ದಳು ಅಜ್ಜಿ.

ಇಂಚರಳೂ ತಪ್ಪದೆ ಹ್ಞೂಂ ಅನ್ನುತ್ತಿದ್ದಳು. ಆದರೆ ಇಲ್ಲಿ ಕಥೆ ಹೇಳುವವಳೇ ನಿದ್ದೆಗೆ ಜಾರುತ್ತಿದ್ದಳು... ದಿನವೂ, ಅರ್ಧಕ್ಕೇ...

ಆರು ವರ್ಷದವಳಿದ್ದಾಗ ಮಗಳು ಒಂದು ಬೆಳಿಗ್ಗೆ ಹೇಳಿದಳು, "ಅಮ್ಮಾ, ನಿನ್ನ ಕಥೆಗಳಿಗೆಲ್ಲ ತಲೆ ಇರುತ್ತೆ, ಬಾಲಾನೇ ಇರಲ್ಲ."

ಮಗು ನಗುತ್ತಲೇ ಹೇಳಿತ್ತು. ತಾಯಿಯ ಎದೆಗೆ ಮಾತ್ರ ಅದು ಮುಳ್ಳಿನಂತೆ ನಾಟಿತು. ಅಂದೇ ನಿಶ್ಚಯಿಸಿದಳು... ಒಂದು ವರ್ಷ ಕೆಲಸ ಬಿಟ್ಟು ಮಗಳ ಜೊತೆ ಕೂರಬೇಕು.

ಆದರೆ ಆ ವರ್ಷದ ಅನ್ನ, ಬಾಡಿಗೆ, ಫೀಸು?

ಅಜ್ಜಿ ದಿನವೂ ಅನ್ನಕ್ಕಿಡುವಾಗ, ತೊಳೆಯುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಗಡಿಗೆಗೆ ಹಾಕುತ್ತಿದ್ದಳು. ಸರ್ವಮಂಗಳ ತನ್ನ ಸಂಬಳಕ್ಕೂ ಅದೇ ಮಾಡಿದಳು. ಮೊದಲು ಒಂದು ಹಿಡಿ ಬ್ಯಾಂಕಿಗೆ, ಆಮೇಲೆ ಉಳಿದ ಖರ್ಚೆಲ್ಲ.

ಆಟೋ ಬಿಟ್ಟಳು. ಮಧ್ಯಾಹ್ನದ ಕಾಫಿ ಬಿಟ್ಟಳು. ಹಬ್ಬಕ್ಕೆ ಊರಿಗೆಲ್ಲ ಹೊಸ ಸೀರೆ ಮಾರಿ, ತಾನು ಹಳೆಯದನ್ನೇ ಉಟ್ಟಳು.

ಪಕ್ಕದ ಕೌಂಟರಿನ ನಾಗವೇಣಿ ಸುಮ್ಮನಿರುವವಳೇ? "ಏನ್ ಮಂಗಳಕ್ಕಾ, ಇವತ್ತೂ ಬರೀ ಚಿತ್ರಾನ್ನ! ಈ ಪಾಟಿ ಗಂಟು ಕಟ್ತಿದ್ದೀಯಲ್ಲ, ಸೈಟ್ ತಗೋತೀಯೋ, ಒಡವೇನೋ?"

"ಒಂದು ವರ್ಷ ತಗೋತೀನಿ ಕಣೇ."

"ವರ್ಷಾನಾ! ಅದ್ಯಾವ ಅಂಗಡೀಲಿ ಮಾರ್ತಾರಕ್ಕ? ಡಿಸ್ಕೌಂಟ್ ಇದ್ರೆ ನಂಗೂ ಒಂದು ಹೇಳು!"

ಆರು ವರ್ಷ ಕೂಡಿಟ್ಟ ಮೇಲೆ ಗುರಿ ಮುಟ್ಟಿದಳು. ಆದರೂ ಧೈರ್ಯ ಸಾಲಲಿಲ್ಲ. 'ಇನ್ನೊಂದೇ ವರ್ಷ ಇರಲಿ, ಕಷ್ಟಕಾಲಕ್ಕೆ' ಅಂದುಕೊಂಡಳು. ಮರುವರ್ಷವೂ ಅದೇ ಮಾತು...

ಅಷ್ಟರಲ್ಲಿ ಒಂದು ದಿನ ಮಗಳ ಯೂನಿಫಾರ್ಮ್ ಒಣಹಾಕುವಾಗ ಬೆಚ್ಚಿದಳು. ಅದು ತನಗೇ ಆಗುವಷ್ಟು ದೊಡ್ಡದಿತ್ತು.

ಮರುದಿನವೇ ಅಂಗಡಿ ಯಜಮಾನರ ಮುಂದೆ ನಿಂತಳು.

"ಏನಮ್ಮಾ ಇದು, ಶ್ರಾವಣ ಬಂತು, ಈಗ ಬಿಡ್ತೀನಿ ಅಂತೀಯ! ಸೂಪರ್‌ವೈಸರ್ ಮಾಡ್ತೀನಿ. ಸಂಬಳ ಜಾಸ್ತಿ ಮಾಡ್ತೀನಿ. ಕೂರೋಕೆ ಕುರ್ಚಿ ಹಾಕಿಸ್ತೀನಿ. ವರ್ಷ ಬಿಟ್ಟು ಬಂದ್ರೆ ಮಾತ್ರ ಕೆಲಸ ಇರುತ್ತೆ ಅಂತ ನಾನು ಮಾತು ಕೊಡಲ್ಲ, ನೋಡು."

ಕುರ್ಚಿ... ಹತ್ತೊಂಬತ್ತು ವರ್ಷಗಳಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಅವಳ ಕಾಲುಗಳೇ 'ಹೂಂ' ಎಂದುಬಿಡುತ್ತಿದ್ದವೇನೋ.

"ಕುರ್ಚಿ ನಾಗವೇಣಿಗೆ ಹಾಕಿಸಿ ಸಾರ್. ಅವಳಿಗೀಗ ಆರು ತಿಂಗಳು," ಎಂದು ಕೈಮುಗಿದು ಮೆಟ್ಟಿಲಿಳಿದಳು.

ಸಂಜೆ ನಾಲ್ಕೂಕಾಲಿಗೆ ಮನೆಗೆ ಬಂದ ಇಂಚರ, ತೆರೆದ ಬಾಗಿಲು ನೋಡಿ ಓಡಿ ಬಂದಳು.

"ಅಮ್ಮಾ! ಏನಾಯ್ತು? ಜ್ವರಾನಾ?"

ಅಮ್ಮ ಹಗಲಲ್ಲಿ ಮನೆಯಲ್ಲಿದ್ದರೆ ಕಾಯಿಲೆ ಎಂದೇ ಆ ಮಗುವಿಗೆ ಗೊತ್ತಿದ್ದದ್ದು...

"ಏನೂ ಇಲ್ಲ ಕಂದಾ. ಬಾ, ಕೂತ್ಕೋ. ಇನ್ನು ಒಂದು ವರ್ಷ ನಾನು ನಿನ್ನವಳು. ಕಥೆಗಳನ್ನೆಲ್ಲ ಪೂರ್ತಿ ಹೇಳ್ತೀನಿ."

ಮಗಳು ನಕ್ಕಳು. "ಅಮ್ಮಾ, ನಾನೀಗ ನೈನ್ತ್! ಕಥೆ ಕೇಳೋ ವಯಸ್ಸಾ ಇದು?"

ಆದರೂ ಪಕ್ಕದಲ್ಲಿ ಕೂತಳು. ಉಪ್ಪು ತರಲು ಏಳು ಬೆಟ್ಟ ದಾಟಿ ಹೋದ ಕುಂಬಾರಗಿತ್ತಿಯ ಕಥೆ ಶುರುವಾಯಿತು. ಆರನೇ ಬೆಟ್ಟ ದಾಟಿದಳು, ಏಳನೆಯದೂ ಬಂತು...

ಸರ್ವಮಂಗಳಳ ಮಾತು ನಿಂತುಹೋಯಿತು. ಮುಂದಿನದು ನೆನಪಿಲ್ಲ! ಇನ್ನೊಂದು ಕಥೆಗೆ ಕೈಹಾಕಿದಳು. ಅದರ ಕೊನೆಯೂ ಇಲ್ಲ... ಅಜ್ಜಿ ಅಷ್ಟು ಅಕ್ಕರೆಯಿಂದ ಕೊಟ್ಟದ್ದೆಲ್ಲ ನಿದ್ದೆಯಲ್ಲೇ ಸೋರಿಹೋಗಿತ್ತು.

"ತಡ ಮಾಡ್ಬಿಟ್ಟೆ ಕಂದಾ..." ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

"ಅಳ್ಬೇಡಮ್ಮಾ. ಕೊನೆ ನಂಗೆ ಗೊತ್ತು."

"ನಿಂಗ್ಹೇಗೆ ಗೊತ್ತು? ನಾನು ಹೇಳೇ ಇಲ್ವಲ್ಲೇ!"

"ದಿನಾ ಸಂಜೆ ಕಿಟಕೀಲಿ ಕೂತು ನಾನೇ ಮಾಡ್ಕೋತಿದ್ದೆ." ಇಂಚರ ಅಮ್ಮನ ಊದಿದ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡಳು. "ಕುಂಬಾರಗಿತ್ತಿಗೆ ಉಪ್ಪು ಸಿಗ್ತು. ಅವಳು ಇನ್ನೂ ಬಿಸಿಲಿರುವಾಗಲೇ ಮನೆಗೆ ಬಂದ್ಲು."

"ಮತ್ತೆ... ಸೋರೆ ಬುರುಡೇಲಿ ಬಚ್ಚಿಟ್ಟುಕೊಂಡ ರಾಣಿ?"

"ಅವಳೂ ಬುರುಡೆ ಒಡ್ಕೊಂಡು, ಬಿಸಿಲಿರುವಾಗಲೇ ಮನೆಗೆ ಬಂದ್ಲು."

"ಕಾಗೆ ಹಿಂದೆ ಹೋದ ಮುದುಕಿ?"

"ಅವಳೂನೂ."

ತಾಯಿ ಕಣ್ಣೀರಿನಲ್ಲೇ ನಕ್ಕಳು. "ಎಲ್ಲಾ ಕಥೆಗೂ ಒಂದೇ ಕೊನೆಯೇನೇ ಹುಚ್ಚಿ?"

ಮಗಳು ತಲೆ ಎತ್ತಲಿಲ್ಲ. ಮೆಲ್ಲಗೆ ಹೇಳಿದಳು...

"ನಂಗೆ ಬೇರೆ ಕೊನೆ ಬೇಕಾಗಿರ್ಲಿಲ್ಲಮ್ಮಾ."

*

ದುಡ್ಡನ್ನು ಎಷ್ಟು ಬೇಕಾದರೂ ಕೂಡಿಡಬಹುದು... ಮಕ್ಕಳ ಬಾಲ್ಯವನ್ನು ಕೂಡಿಡಲಾಗದು.

ನಿಮ್ಮ ಮನೆಯಲ್ಲೂ ಯಾರೋ ಕಿಟಕಿಯಲ್ಲಿ ಕಾಯುತ್ತಿರಬಹುದು... 'ಇನ್ನೊಂದೇ ವರ್ಷ' ಎಂದು ನೀವು ಎಷ್ಟು ಸಲ ಹೇಳಿದ್ದೀರಿ?