ಸುಣ್ಣದ ಗೆರೆ

“ಈಕೆಗೆ ಪೂರ್ತಿ ಗುಣವಾಗಿದೆ ಸಾರ್,” ಎಂದು ಡಾಕ್ಟರು, ಆಸ್ಪತ್ರೆಯ ಚಿಕಿತ್ಸೆ ಹೇಗಿದೆಯೆಂದು ನೋಡಲು ಬಂದ ಸರ್ಕಾರದ ಸಮಿತಿಗೆ ಹೇಳುತ್ತಿದ್ದಾಗ ಪಿಳ್ಳಮ್ಮ ಬೆಂಚಿನಿಂದ ಎದ್ದಳು. ಕ್ಯಾನ್ಸರಿಗೆಂದು ಅವಳ ಬಲ ಮೊಲೆ ತೆಗೆದು ವರ್ಷವಾಗಿತ್ತು.

“ಗಾಯ ಮಾಗೈತೆ ಸ್ವಾಮಿ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಕಲಾಸಿಪಾಳ್ಯದಲ್ಲಿ ಸೊಪ್ಪಿನ ಕುಕ್ಕೆ ತಲೆ ಮೇಲೆ ಹೊತ್ತು ಬದುಕೋಳು ನಾನು. ಆಪರೇಷನ್ ಆದಾಗಿಂದ ಬಲಗೈ ಮೇಲಕ್ಕೇ ಏಳಲ್ಲ.”

“ಅದೆಲ್ಲ ಆಮೇಲೆ ಹೇಳಮ್ಮ, ಕೂತ್ಕೋ,” ಎಂದರು ಡಾಕ್ಟರು.

“ವರ್ಷದಿಂದ ಆಮೇಲೆ ಅಂತಾನೇ ಇದೀರ.”

ಪಿಳ್ಳಮ್ಮ ಎಲೆಅಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬಲಗೈ ಬೆರಳಿಗೆ ಸುಣ್ಣ ಮೆತ್ತಿಕೊಂಡು ಗೋಡೆಯ ಹತ್ತಿರ ಹೋದಳು. ಸಮಿತಿ ಬರುತ್ತದೆಂದು ಅದಕ್ಕೆ ನಿನ್ನೆಯಷ್ಟೇ ನೀಲಿ ಬಳಿದಿದ್ದರು. “ಅಯ್ಯೋ, ಹೊಸ ಬಣ್ಣ!” ಎಂದು ನರ್ಸಮ್ಮ ಕೂಗಿದಳು. ಬೆರಳು ಗೋಡೆಯ ಮೇಲೆ ಮೆಲ್ಲಗೆ ತೆವಳುತ್ತ ಹೆಗಲ ಮಟ್ಟಕ್ಕೆ ಬಂದು ನಿಂತುಬಿಟ್ಟಿತು. ಅವಳು ತುಟಿ ಕಚ್ಚಿ ಇನ್ನೊಮ್ಮೆ ತಳ್ಳಿದಳು, ಆದರೂ ಬೆರಳು ಮೇಲೇರಲಿಲ್ಲ. ಅಲ್ಲೇ ಒಂದು ಅಡ್ಡಗೆರೆ ಎಳೆದಳು. ಆಮೇಲೆ ಎಡಗೈಗೂ ಸುಣ್ಣ ಹಚ್ಚಿ, ತಲೆಗಿಂತ ಮೊಳದೆತ್ತರದಲ್ಲಿ ಇನ್ನೊಂದು ಗೆರೆ ಎಳೆದಳು.

“ಮೇಲಿಂದು ನಾನಿಲ್ಲಿಗೆ ಬಂದಾಗ ಇದ್ದ ಕೈ. ಕೆಳಗಿಂದು ಈ ಡಾಕ್ಟರು ಕೊಟ್ಟು ಕಳಿಸಿದ ಕೈ. ಎರಡರ ಮಧ್ಯೆ ಇರೋದನ್ನ ಅಳೆದ್ಕೊಂಡು ಹೋಗಿ,” ಎಂದಳು ಸಮಿತಿಯವರತ್ತ ತಿರುಗಿ.

“ಯಾರಾದ್ರೂ ಒರೆಸ್ರಿ ಅದನ್ನ!” ಎಂದರು ಡಾಕ್ಟರು.

ನರ್ಸಮ್ಮ ಬಟ್ಟೆ ತರುವ ಮೊದಲೇ, ಇವಳಂತೆಯೇ ಆಪರೇಷನ್ ಆಗಿ ಬೆಂಚಿನ ತುದಿಯಲ್ಲಿ ಕೂತಿದ್ದ ದ್ರೌಪದಮ್ಮ ಎದ್ದು ಬಂದಳು.

“ಆ ಡಬ್ಬಿ ಇತ್ಲಾಗೆ ಕೊಡಕ್ಕ. ನಂದೂ ಒಂದು ಗೆರೆ ಇರ್ಲಿ.”