ಕಿಟಕಿಯ ಆಚೆ ಅಮ್ಮ

ಕನ್ನಡಕ ಮರೆತು ಹೋದವಳು ಮಗಳು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಏದುಸಿರು ಬಿಡುತ್ತ ಸಂಜೆ ಶಾಲೆಯ ಗೇಟಿಗೆ ಬಂದವಳು ತಾಯಿ. ಬೇರೆ ದಿನವಾಗಿದ್ದರೆ ಹಾಳಾಗಿ ಹೋಗಲಿ ಎಂದು ಬಿಡಬಹುದಿತ್ತು. ಇವತ್ತು ಪರೀಕ್ಷೆ. ಇದರಲ್ಲಿ ಪಾಸಾದರೆ ಮಾತ್ರ ಹತ್ತನೇ ತರಗತಿಯ ದೊಡ್ಡ ಪರೀಕ್ಷೆಗೆ ಕೂರಿಸುತ್ತಾರಂತೆ. ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಾರದವಳು ಪ್ರಶ್ನೆಪತ್ರಿಕೆಯನ್ನು ಏನು ಓದಿಯಾಳು, ತಲೆ! ಬೆಳಗಿನಿಂದ ಪಾಠವನ್ನು ಮಂತ್ರದ ಹಾಗೆ ಗುನುಗುತ್ತಿದ್ದವಳು, ಹೊರಡುವ ಗಡಿಬಿಡಿಯಲ್ಲಿ ಮುಖ್ಯವಾದದ್ದನ್ನೇ ಇಸ್ತ್ರಿ ಮೇಜಿನ ಮೇಲೆ ಬಿಟ್ಟು ಹೋಗಿದ್ದಳು.

“ಏನಜ್ಜಿ, ಹೊಸ ಅಡ್ಮಿಷನ್ನಾ?” ಎಂದ ಗೇಟಿನ ಕಾವಲುಗಾರ.

“ನನಗೆ ಅಡ್ಮಿಷನ್ ಕೊಡೋನು ಮೇಲೆ ಕೂತಿದ್ದಾನೆ, ಇನ್ನೂ ಕರೆದಿಲ್ಲ ಬಿಡಪ್ಪ. ಹತ್ತನೇ ಕ್ಲಾಸು ಯಾವ ಕಡೆ?”

“ಮಹಡಿ ಮೇಲೆ, ಕೊನೇ ಕೋಣೆ. ಮೊಮ್ಮಗಳಾ?”

“ಮಗಳು.”

ಅವನು ಅವಳ ಬೆಳ್ಳಗಿನ ತಲೆಯನ್ನು ನೋಡಿದ, ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿದ, ಗೇಟು ತೆರೆದ.

ಮೆಟ್ಟಿಲು ಹತ್ತುವಾಗ ಮಂಡಿಗಿಂತ ಮನಸ್ಸೇ ಹೆಚ್ಚು ನೋಯುತ್ತಿತ್ತು. ಈ ಮಗಳಿಗಾಗಿ ಹಿಂದೆ ಒಮ್ಮೆ ಅವಳು ಶಾಲೆಯ ಮೆಟ್ಟಿಲು ಹತ್ತಿದ್ದುಂಟು. ಆಗ ಹುಡುಗಿಗೆ ಹನ್ನೊಂದು. ಗಂಡ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಕಂಕುಳಲ್ಲಿ ಕೈಗೂಸು, ಅಂಗಡಿಯಲ್ಲಿ ಇಸ್ತ್ರಿಗೆ ಬಿದ್ದ ಬಟ್ಟೆಯ ರಾಶಿ. ಒಂದು ಕೈಯಲ್ಲಿ ಕೆಂಡದ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಕೂಸು. ಅವಳಾದರೂ ಏನು ಮಾಡಿಯಾಳು? ತರಗತಿಯ ಕಿಟಕಿಯ ಹೊರಗೆ ನಿಂತು, ಬಾ ಎಂದು ಕೈಸನ್ನೆ ಮಾಡಿದ್ದಳು. ಹುಡುಗಿ ಯಾಕೆ, ಏನು ಎಂದು ಕೇಳಲಿಲ್ಲ. ಪುಸ್ತಕ ಮುಚ್ಚಿ, ಚೀಲ ಹೆಗಲಿಗೆ ಹಾಕಿಕೊಂಡು, “ನಾಳೆ ಬರ್ತೀನಿ ಟೀಚರ್” ಎಂದು ಹೊರಗೆ ಬಂದಿದ್ದಳು. ಆ ನಾಳೆ ಬರಲೇ ಇಲ್ಲ.

ಆಮೇಲೆ ಒಂದೆರಡು ಸಲ ಹುಡುಗಿ ಶಾಲೆಯ ಮಾತೆತ್ತಿದಾಗ, “ಹೊಟ್ಟೆಗೆ ಹಿಟ್ಟಿಲ್ಲದೋರಿಗೆ ಓದೊಂದು ಕೇಡು” ಎಂದು ಗದರಿ ಬಾಯಿ ಮುಚ್ಚಿಸಿದವಳೂ ಈ ತಾಯಿಯೇ. ಕೂಸು ಅಕ್ಕನ ಸೊಂಟದ ಮೇಲೆಯೇ ಬೆಳೆಯಿತು, ಓದಿತು, ಕೋಟು ತೊಡುವಂಥ ಕೆಲಸ ಹಿಡಿಯಿತು. ಆ ಕೋಟಿಗೆ ಇಸ್ತ್ರಿ ಹಾಕುವವಳೂ ಅಕ್ಕನೇ. ಹೋದ ವರ್ಷ ಒಂದು ದಿನ ಅವಳು, “ಅಮ್ಮಾ, ಸಂಜೆ ಶಾಲೆಗೆ ಹೆಸರು ಕೊಟ್ಟು ಬಂದೆ” ಎಂದಾಗ ಬಟ್ಟೆಗೆ ನೀರು ಚಿಮುಕಿಸುತ್ತಿದ್ದ ತಾಯಿಯ ಕೈ ನಿಂತಿತ್ತು. ‘ತಪ್ಪಾಯ್ತು ಕಣೆ’ ಎನ್ನುವ ಮಾತು ಗಂಟಲವರೆಗೂ ಬಂದಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿ ಏನು ಪ್ರಯೋಜನ ಎಂದುಕೊಂಡು ನುಂಗಿಬಿಟ್ಟಿದ್ದಳು. ಅಂದಿನಿಂದ ಸಂಜೆಯ ಬಟ್ಟೆಯಷ್ಟೂ ತನಗೇ ಇರಲಿ ಎಂದು ಮುದುಕಿ ಹಟ ಹಿಡಿದಳು. ಬಾಯಲ್ಲಿ ಹೇಳಲಾರದ್ದನ್ನು ಕೈಯಲ್ಲಾದರೂ ತೀರಿಸೋಣ ಎಂದು. ಇವತ್ತು ಕನ್ನಡಕ ಕೊಡುವ ನೆಪದಲ್ಲಿ ಆ ಮಾತನ್ನೂ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದಳು.

ಕೊನೆಯ ಕೋಣೆಯ ಬಾಗಿಲು ಮುಚ್ಚಿತ್ತು, ಕಿಟಕಿ ತೆರೆದಿತ್ತು. ಒಳಗೆ ಸಮವಸ್ತ್ರ ಬಿಚ್ಚಲೂ ಪುರಸೊತ್ತಿಲ್ಲದೆ ಬಂದ ಬಸ್ ಡ್ರೈವರ್, ಹೋಟೆಲಿನ ಅಡುಗೆಯವನು, ಬೆಂಚಿನಲ್ಲಿ ಹಿಡಿಸದೆ ಮಂಡಿ ಹೊರಗೆ ಚಾಚಿ ಕೂತ ಇನ್ನೂ ನಾಲ್ಕಾರು ಜನ. ಅವರ ನಡುವೆ ಓಡಾಡುತ್ತಿದ್ದ ಟೀಚರಮ್ಮ ಅವರೆಲ್ಲರಿಗಿಂತ ಚಿಕ್ಕವಳು. ಮಗಳು ಪ್ರಶ್ನೆಪತ್ರಿಕೆಯನ್ನು ಒಮ್ಮೆ ಮೂಗಿಗೆ ತಾಗಿಸುತ್ತಿದ್ದಳು, ಒಮ್ಮೆ ಮಾರುದೂರ ಹಿಡಿಯುತ್ತಿದ್ದಳು. ಅಯ್ಯೋ ನನ್ನ ಕಂದಾ, ಎಂದುಕೊಂಡಳು ತಾಯಿ. ಪರೀಕ್ಷೆ ನಡೆಯುವಾಗ ಕೂಗಬಾರದು ಎಂಬಷ್ಟು ಅವಳಿಗೂ ಗೊತ್ತಿತ್ತು. ಕಿಟಕಿಯ ಸರಳಿಗೆ ಮುಖವಿಟ್ಟು, ಬಾ ಎಂದು ಕೈಸನ್ನೆ ಮಾಡಿದಳು.

ಮಗಳು ತಲೆಯೆತ್ತಿದಳು. ಹತ್ತಿರದ ಅಕ್ಷರ ಕಾಣದಿದ್ದರೂ ದೂರದ ಅಮ್ಮ ಅವಳಿಗೆ ಚೆನ್ನಾಗಿಯೇ ಕಂಡಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದಳು, ಉತ್ತರದ ಹಾಳೆಯನ್ನು ಬೋರಲು ಇಟ್ಟಳು, ಚೀಲವನ್ನು ಹೆಗಲಿಗೇರಿಸಿ ಎದ್ದಳು.

“ಎಲ್ಲಿಗೆ ಅಕ್ಕಾ? ಒಂದಕ್ಷರ ಕೂಡ ಬರೆದಿಲ್ವಲ್ಲ!” ಎಂದಳು ಟೀಚರಮ್ಮ.

“ಮನೆಯಿಂದ ಕರೆಯೋಕೆ ಬಂದಿದ್ದಾರೆ. ನಾಳೆ ಬರ್ತೀನಿ ಟೀಚರ್.”

“ಪರೀಕ್ಷೆಗೆ ನಾಳೆ ಎಲ್ಲಿಂದ ತರ್ಲಿ ಅಕ್ಕಾ?”

ಬಾಗಿಲು ತೆಗೆದು ಹೊರಗೆ ಬಂದ ಮಗಳು ಆಗಲೇ ಮೆಟ್ಟಿಲ ಕಡೆಗೆ ಹೊರಟಿದ್ದಳು. “ಯಾರಿಗೇನಾಯ್ತಮ್ಮ? ತಮ್ಮಂಗಾ? ನಡಿ, ಹೋಗೋಣ.” ದನಿಯಲ್ಲಿ ಸಿಟ್ಟಿರಲಿಲ್ಲ. ಒಂದಿಷ್ಟು ಸಿಟ್ಟಿದ್ದಿದ್ದರೆ ಮುದುಕಿಗೆ ಎಷ್ಟೋ ಹಗುರವಾಗುತ್ತಿತ್ತು.

ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದ ಮಾತಿಗೆ ಬಾಯಿ ತೆರೆದಳು. ಬರಲಿಲ್ಲ. ಕರವಸ್ತ್ರದ ಗಂಟು ಬಿಚ್ಚಿದಳು.

“ಯಾರಿಗೂ ಏನೂ ಆಗಿಲ್ಲ ಕಣೆ. ಕನ್ನಡಕ... ಕನ್ನಡಕ ಕೊಟ್ಟು ಹೋಗೋಣ ಅಂತ ಬಂದೆ.”

ಮಗಳು ಕನ್ನಡಕ ಹಾಕಿಕೊಂಡು ಅಮ್ಮನ ಮುಖ ನೋಡಿದಳು. ಕಿಟಕಿಯೊಳಗೆ ಖಾಲಿಯಾಗಿದ್ದ ತನ್ನ ಜಾಗವನ್ನು ನೋಡಿದಳು. ಚೀಲದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನರೆತ ಕೂದಲಿನ ಆ ಹೆಂಗಸು ಮೆಲ್ಲಗೆ ಕೇಳಿದಳು:

“ಹಾಗಾದ್ರೆ ನಾನು ಒಳಗೆ ಹೋಗ್ಲಾ, ಅಮ್ಮಾ?”